ಕಟಲ್‌ಫಿಶ್ ಜೊತೆಗೆ ಯಾರ್ನ ಬಿಡೋದು? ಯಾರೂ ಬೇಡ ಕಣ್ರೋ!

ನಮಸ್ಕಾರ ಕಣ್ರಪ್ಪ, ಮೈಸೂರಿಂದ ನಿಮ್ ಟ್ಯಾಂಕ್ ಅಣ್ಣ. ಇವತ್ತು ಫಿಲ್ಟರ್ ಬಗ್ಗೆ ಮಾತಾಡೋಣ ಅಂತ ಲೈಟೆಲ್ಲಾ ಸೆಟ್ ಮಾಡ್ಕೊಂಡು ಕೂತಿದ್ದೆ, ಅಷ್ಟ್ರಲ್ಲಿ ಮಂಡ್ಯದ ಹುಡುಗ ಒಬ್ಬ ಕಾಮೆಂಟ್ ಹಾಕವ್ನೆ, "ಅಣ್ಣೋ, ಕಟಲ್‌ಫಿಶ್ ಒಂದೇ ಇದ್ರೆ ಬೇಜಾರಾಗಕಿಲ್ವಾ, ಎರಡು ಕ್ಲೌನ್ ಫಿಶ್ ಬುಡ್ಲಾ?" ಬೇಜಾರು ಅದಕ್ಕಲ್ಲ ಮಗಾ, ನಿಂಗೆ! ದುಡ್ಡು ಸುರಿದು ಟ್ಯಾಂಕ್ ಮಾಡಿದೀನಿ, ಅದು ನೋಡಿದ್ರೆ ಮರಳಲ್ಲಿ ಬಚ್ಚಿಟ್ಕೊಳುತ್ತೆ, ಬಂದೋರಿಗೆಲ್ಲಾ ಕಾಣೋದು ಬರೀ ಮರಳು, ಅದು ನಿನ್ ಸಂಕಟ.

ಯಾರೂ ಬೇಡ. ಮೊದ್ಲು ತಿಳ್ಕೋ, ಅದು ಮೀನೇ ಅಲ್ಲ, ಮಂಗಳೂರು ಕಡೆ ಸ್ಕ್ವಿಡ್‌ಗೆ ಬೊಂಡಾಸ್ ಅಂತಾರಲ್ಲ, ಆ ವಂಶ. ಎಂಟು ಕೈ, ಅದರ ಜೊತೆ ಒಳಗೆ ಮಡಚಿಟ್ಕೊಂಡಿರೋ ಎರಡು ಉದ್ದನೆ ಕೈ, ಬೇಟೆ ಕಂಡ್ರೆ ಪಟ್ ಅಂತ ಆಚೆ ಬರುತ್ತೆ. ಚಿಕ್ಕ ಮೀನು ಬಿಟ್ರೆ ಅದು ಊಟ. ಟ್ರಿಗರ್, ಪಫರ್ ಥರದ ಕಚ್ಚೋ ಮೀನು ಬಿಟ್ರೆ ಇದೇ ಊಟ. ಏಡಿ, ಸಿಗಡಿ ಬಿಟ್ರಂತೂ ಹಬ್ಬದೂಟ.

"ಸಮುದ್ರದಲ್ಲಿ ಎಲ್ಲಾ ಒಟ್ಟಿಗೇ ಇರಲ್ವಾ ಅಣ್ಣ?" ಇರ್ತವೆ. ದಸರಾದಲ್ಲಿ ಆನೇನೂ ಲಕ್ಷ ಜನಾನೂ ಒಂದೇ ರೋಡಲ್ಲಿ ಇರ್ತಾರೆ, ಅಂತ ಆನೆ ತಂದು ಮನೆ ಹಾಲ್‌ನಲ್ಲಿ ಕಟ್ಕೋತೀಯಾ? ಸಮುದ್ರದಲ್ಲಿ ಬೆದರಿದ್ರೆ ಶಾಯಿ ಬಿಟ್ಟು ಓಡುತ್ತೆ. ನಿನ್ನ ನೂರು ಲೀಟರ್ ಡಬ್ಬದಲ್ಲಿ ಎಲ್ಲಿಗೆ ಓಡೋದು, ಹಿಂದಕ್ಕೆ ಚಿಮ್ಮಿ ಗಾಜಿಗೆ ಗುದ್ಕೊಂಡು ಬಾಲದ ಕಡೆ ಗಾಯ ಮಾಡ್ಕೊಳುತ್ತೆ, ಶಾಯಿ ಅದೇ ನೀರಲ್ಲೇ ಉಳಿಯುತ್ತೆ.

ಈಗ ಅಸಲಿ ವಿಷ್ಯ. ಮೀನು ಬಿಟ್ಟೆ ಅನ್ಕೋ, ಬಿಳಿ ಚುಕ್ಕೆ ರೋಗ ಬಂತು ಅನ್ಕೋ, ಅಂಗಡಿಯೋನು ತಾಮ್ರ ಇರೋ ಔಷಧಿ ಕೊಡ್ತಾನೆ. ಮೀನು ಬದುಕುತ್ತೆ, ಕಟಲ್‌ಫಿಶ್ ಹೋಗುತ್ತೆ. ಇಲ್ಲಿ ಒಬ್ಬ ಬುದ್ಧಿವಂತ ಬರ್ತಾನೆ, "ಅದರ ರಕ್ತದಲ್ಲೇ ತಾಮ್ರ ಇದೆಯಲ್ಲಾ, ಅದಕ್ಕೇ ನೀಲಿ ರಕ್ತ" ಅಂತ. ಹೌದಪ್ಪ, ಇದೆ. ನಿನ್ ರಕ್ತದಲ್ಲೂ ಕಬ್ಬಿಣ ಇದೆ, ಮೊಳೆ ನುಂಗ್ತೀಯಾ? ನಮ್ಮಮ್ಮ ಒಂದ್ಸಲ ಪ್ರೀತಿಯಿಂದ ತಾಮ್ರದ ಚೊಂಬಲ್ಲಿ ಆರ್‌ಓ ನೀರು ತಂದು ಟ್ಯಾಂಕ್‌ಗೆ ಸುರಿಯಕ್ ಹೋದ್ರು, ಕೈ ಹಿಡ್ಕೊಂಡ್ ನಿಲ್ಸಿದೀನಿ. ಎರಡು ದಿನ ಮಾತಾಡಿಸ್ಲಿಲ್ಲ ಅವ್ರು.

ಅದಕ್ಕೇ ಹೇಳ್ತಿರೋದು, ಯಾರೂ ಬೇಡ! ಬಸವನಹುಳ ನಾಕು ಬಿಟ್ಕೊಳಿ, ಅವು ಜೊತೆಗಾರರಲ್ಲ, ಕಸ ಗುಡ್ಸೋರು. ಕಟಲ್‌ಫಿಶ್ ಜಾತಿದೇ ಚಿಕ್ಕಂದ್ನಿಂದ ಒಟ್ಟಿಗೆ ಬೆಳ್ದಿದ್ರೆ ಬೇರೆ ಮಾತು, ಅದಕ್ಕೆ ಹಳೇ ವಿಡಿಯೋ ಇದೆ, ನೋಡಿ, ನೋಡಿ ಲೈಕ್ ಒತ್ತಿ, ಬರೀ ನೋಡಿ ಹೋಗ್ಬೇಡಿ. "ಯಾರೂ ಬೇಡ" ಅಂತ ಟೀ ಶರ್ಟೂ ಮಾಡ್ಸಿದೀನಿ, 399 ರೂಪಾಯಿ, ಎಕ್ಸೆಲ್ ಖಾಲಿ.

ನಾವು ಟ್ಯಾಂಕಲ್ಲಿ ಸಾಕೋ ಪುಟಾಣಿ ಕಟಲ್‌ಫಿಶ್ ಜಾತಿ ಬದುಕೋದೇ ಹೆಚ್ಚುಕಮ್ಮಿ ಒಂದು ವರ್ಷ ಕಣ್ರೋ. ಆ ಒಂದು ವರ್ಷ ನೆಮ್ಮದಿಯಾಗಿ ಇರಕ್ ಬಿಡ್ರೋ! ಯಾಕೆ, ಯಾಕೆ ಅಂತ ಎಷ್ಟು ಕೇಳ್ತೀರಾ, ಬೇಡ ಅಂದ್ರೆ ಬೇಡ, ನಾನ್ ಹೇಳ್ತಿದೀನಿ ಬೇಡ!

ಇರಿ, ಫೋನ್ ಟಿಂಗ್ ಅಂತು. ಅವನೇ. "ಸರಿ ಅಣ್ಣೋ, ಕ್ಲೌನ್ ಬ್ಯಾಡ. ಸೀಹಾರ್ಸ್ ಬುಡ್ಲಾ?"

ಮಂಡ್ಯದಲ್ಲಿ ಎಲ್ಲಪ್ಪ ನಿಮ್ಮನೆ? ಬಸ್ ಹತ್ತಿ ಬತ್ತೀನಿ ಇರು.