ಕಪ್ಪು ಹೂಳು ಹೇಳುವ ಚಳಿಯ ಕಥೆ

ಕೇಳುಗರಿಗೆ ನಮಸ್ಕಾರ.

ಕೆರೆಯ ಹೂಳು ಕಪ್ಪಗಿದ್ದರೆ ನಮ್ಮ ರೈತರು ಗಾಡಿ ಕಟ್ಟಿ ಹೊಲಕ್ಕೆ ಹೊಡೆಯುತ್ತಾರೆ. ಕೊಳೆತ ಸೊಪ್ಪುಸದೆ ಚೆನ್ನಾಗಿದೆ ಎಂಬುದು ಅವರ ಲೆಕ್ಕ. ರಷ್ಯಾದ ಚುಕೋಟ್ಕಾದಲ್ಲಿರುವ ಎಲ್‌ಗಿಗಿಟ್ಗಿನ್ ಸರೋವರದಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ.

ಇದು 36 ಲಕ್ಷ ವರ್ಷಗಳ ಹಿಂದೆ ಉಲ್ಕೆ ಬಿದ್ದು ಆದ ಕುಳಿ. ಹಿಮನದಿಗಳು ಇದನ್ನು ಕೆರೆದು ಹೋಗಿಲ್ಲ, ಹಾಗಾಗಿ ಹೂಳು ಉಳಿದಿದೆ. 2009ರಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ಇನ್ನಷ್ಟು ನೀರು ಹಾಯಿಸಿ, ಮಂಜುಗಡ್ಡೆಯನ್ನು ದಪ್ಪ ಮಾಡಿ, ಅದರ ಮೇಲೆ ಯಂತ್ರ ನಿಲ್ಲಿಸಿ ಕೊರೆದರು. ಸಿಕ್ಕ ಹೂಳಿನ ಆಳ ಸುಮಾರು 318 ಮೀಟರ್. ಮೇಲ್ಭಾಗದಲ್ಲಿ ಒಂದು ಸೆಂಟಿಮೀಟರ್ ಕೂಡಲು ಸರಾಸರಿ 200 ವರ್ಷ ಹಿಡಿದಿದೆ.

ಗೆರೆಗೆರೆಯಾದ ಕಪ್ಪು ಪದರಗಳು ಕಡುಚಳಿಯ ಕಾಲದವು. ಬೇಸಿಗೆಯಲ್ಲೂ ಮಂಜುಗಡ್ಡೆ ಕರಗದಿದ್ದರೆ ಗಾಳಿ ನೀರನ್ನು ಕಲಕದು, ತಳಕ್ಕೆ ಆಮ್ಲಜನಕ ಇಳಿಯದು. ಪಾಚಿ ಬೆಳೆಯುವುದೇ ಕಡಿಮೆ. ಆದರೆ ಬಿದ್ದಷ್ಟೂ ಕೊಳೆಯದೆ ಉಳಿಯುತ್ತದೆ, ಇಂಗಾಲ ಹೆಚ್ಚಿಗೆ ಕಾಣುತ್ತದೆ. ಅಲ್ಲಿ ಮ್ಯಾಗ್ನೆಟೈಟ್ ಎಂಬ ಕಾಂತಗುಣದ ಕಬ್ಬಿಣದ ಖನಿಜ ಕೂಡ ಕರಗುವುದರಿಂದ ಹೂಳಿನ ಕಾಂತಗುಣ ಕುಸಿಯುತ್ತದೆ. ಗೆರೆಗಳನ್ನು ವರ್ಷಕ್ಕೊಂದರಂತೆ ಎಣಿಸುವ ಆಸೆಯೂ ಬೇಡ.

ಪಾಚಿ ನಿಜಕ್ಕೂ ಎಷ್ಟು ಬೆಳೆದಿತ್ತೆಂದು ತಿಳಿಯಲು ಸಿಲಿಕಾನ್–ಟೈಟಾನಿಯಂ ಅನುಪಾತ ನೋಡುತ್ತಾರೆ. ಸಿಲಿಕಾನ್‌ನ ಒಂದು ಪಾಲು ಡಯಾಟಮ್ ಎಂಬ ಪಾಚಿಯ ಗಾಜಿನಂಥ ಚಿಪ್ಪಿನದು. ಟೈಟಾನಿಯಂ ಬರುವುದು ಸುತ್ತಲಿನ ಗುಡ್ಡದ ಮಣ್ಣಿನಿಂದ. ಕೊರೆದು ಕೊಳವೆಯಲ್ಲಿ ತೆಗೆದ ಹೂಳನ್ನು ಉದ್ದಕ್ಕೆ ಸೀಳಿ, ಮೇಲ್ಮೈ ಹೆರೆದು, ತೆಳು ಹಾಳೆ ಹೊದಿಸಿ ಎಕ್ಸ್-ರೇ ಸ್ಕ್ಯಾನರಿನಡಿ ಸರಿಸಬೇಕು. ಹೆರೆಯುವುದು ಯಾವಾಗಲೂ ಅಡ್ಡಕ್ಕೆ! ಉದ್ದಕ್ಕೆ ಎಳೆದರೆ ಒಂದು ಪದರ ಇನ್ನೊಂದರ ಮೇಲೆ ಮೆತ್ತಿಕೊಳ್ಳುತ್ತದೆ. ಹಾಳೆಯಡಿ ನೀರು ನಿಂತರೂ ಕಷ್ಟ: ಹಗುರ ಧಾತುವಾದ ಸಿಲಿಕಾನ್‌ನ ಸಂಕೇತ ಟೈಟಾನಿಯಂನದಕ್ಕಿಂತ ಹೆಚ್ಚು ಕುಗ್ಗಿ, ಬೆಚ್ಚಗಿನ ಕಾಲವೂ ಚಳಿಯದಾಗಿ ಕಾಣುತ್ತದೆ.

ಅತಿ ಬೆಚ್ಚಗಿನ ಕಾಲದ ಪದರ ಕೆಂಪು ಮಿಶ್ರಿತ ಕಂದು. ಅದರಲ್ಲೂ ಸಣ್ಣ ಗೆರೆಗಳಿವೆ, ಆದ್ದರಿಂದ ಗೆರೆಯೊಂದನ್ನೇ ನಂಬುವಂತಿಲ್ಲ. ಸುಮಾರು 4 ಲಕ್ಷ ವರ್ಷಗಳ ಹಿಂದಿನ ಅಂಥ ಪದರದಲ್ಲಿ ಸ್ಪ್ರೂಸ್ ಮರದ ಪರಾಗ ಸಿಕ್ಕಿದೆ. ಈಗ ಅಲ್ಲಿ ಮರಗಳೇ ಇಲ್ಲದ ಟಂಡ್ರಾ.

ಇನ್ನು ಕಾಲ ನಿರ್ಣಯ. ವಿಕಿರಣಶೀಲ ಇಂಗಾಲ ಎಷ್ಟು ಉಳಿದಿದೆ ಎಂದು ಅಳೆದು ವಯಸ್ಸು ಹೇಳುವ ರೇಡಿಯೊಕಾರ್ಬನ್ ವಿಧಾನ 50,000 ವರ್ಷಗಳಾಚೆ ಕೈಕೊಡುತ್ತದೆ. ಅದಕ್ಕಿಂತ ಹಳೆಯದಕ್ಕೆ ಹೂಳಿನಲ್ಲಿ ದಾಖಲಾದ ಭೂಕಾಂತದ ದಿಕ್ಕು ಬದಲಾವಣೆಗಳೇ ಮೈಲಿಗಲ್ಲು. ಅವುಗಳಲ್ಲಿ ತೀರ ಈಚಿನ ದೊಡ್ಡ ಪಲ್ಲಟ ಸುಮಾರು 7.8 ಲಕ್ಷ ವರ್ಷ ಹಿಂದಿನದು. ಆದರೆ ನೀರಿನಡಿಯ ಇಳಿಜಾರು ಕುಸಿದು ಹರಡಿದ ಹೂಳನ್ನು ಮೊದಲೇ ಗುರುತಿಸಿ ಕಳೆಯಬೇಕು. ತಳದಲ್ಲಿ ಒರಟು ಮರಳು, ಮೇಲೇರಿದಂತೆ ನುಣ್ಣನೆಯ ಜೇಡಿ, ಅದರ ಲಕ್ಷಣ ಅಷ್ಟೇ. ಹೀಗೆ ಒಂದೇ ಸಲಕ್ಕೆ ಬಿದ್ದ 20 ಸೆಂಟಿಮೀಟರ್ ಹೂಳನ್ನು ಲೆಕ್ಕದಲ್ಲಿ ಸೇರಿಸಿಕೊಂಡರೆ, ಇಲ್ಲದ 4,000 ವರ್ಷ ಇತಿಹಾಸದೊಳಗೆ ನುಸುಳುತ್ತದೆ.