ಇಳಿಯುವ ವಿಮಾನ, ಅಡ್ಡ ಬರುವ ಪ್ರಾಣಿ

ಕೇಳುಗರಿಗೆ ನಮಸ್ಕಾರ.

ಮೈಸೂರಿನಿಂದ ನಂಜನಗೂಡಿಗೆ ಹೋಗುವ ದಾರಿಯಲ್ಲಿ, ಮಂಡಕಳ್ಳಿ ವಿಮಾನ ನಿಲ್ದಾಣದ ಬಳಿ, ಒಂದೇ ಎಂಜಿನ್ನಿನ ಪುಟ್ಟ ತರಬೇತಿ ವಿಮಾನಗಳು ಇಳಿಯುವುದನ್ನು ನಿಮ್ಮಲ್ಲಿ ಅನೇಕರು ಕಂಡಿರಬಹುದು. ಇಂಥ ವಿಮಾನ ಇಳಿಯುವ ಹೊತ್ತಿಗೆ ನವಿಲೋ, ನಾಯಿಯೋ, ಕಾಡುಹಂದಿಯೋ ರನ್‌ವೇಗೆ ಬಂದರೆ ಏನಾಗುತ್ತದೆ ಎಂಬುದು ಇಂದಿನ ವಿಷಯ.

ಸೆಸ್ನಾ 172 ಮಾದರಿಯ ವಿಮಾನ ಇಳಿಯಲು ಬರುವಾಗ ಗಂಟೆಗೆ ಸುಮಾರು 120 ಕಿಲೋಮೀಟರ್ ವೇಗದಲ್ಲಿರುತ್ತದೆ. ಅಂದರೆ ಒಂದು ಸೆಕೆಂಡಿಗೆ 30 ಮೀಟರಿಗೂ ಹೆಚ್ಚು ದೂರ. ನೆಲ ಹತ್ತಿರ, ವೇಗ ಕಡಿಮೆ, ರೆಕ್ಕೆಯ ಹಿಂಬದಿಯ ಬಾಗುವ ಪಟ್ಟಿಗಳಾದ ಫ್ಲಾಪುಗಳು ಕೆಳಗೆ. ಆಗ ಪ್ರಾಣಿಯನ್ನು ಉಳಿಸಲೆಂದು ಚಾಲಕ ಗಕ್ಕನೆ ಪಕ್ಕಕ್ಕೆ ವಾಲಿಸಿದರೆ, ರೆಕ್ಕೆಯನ್ನು ಎತ್ತಿಹಿಡಿದ ಬಲವೇ ಕುಸಿದು ವಿಮಾನ ನೆಲಕ್ಕೆ ಬೀಳಬಹುದು. ನನ್ನ ದೃಷ್ಟಿಯಲ್ಲಿ ಡಿಕ್ಕಿಗಿಂತ ಈ ತಿರುವೇ ಹೆಚ್ಚು ಭಯಂಕರ. ಆದ್ದರಿಂದಲೇ, ಎತ್ತರ ಇನ್ನೂ ಉಳಿದಿದ್ದರೆ ಎಂಜಿನ್ನಿಗೆ ಪೂರ್ಣ ಶಕ್ತಿ ಕೊಟ್ಟು ನೇರವಾಗಿ ಮೇಲೇರಬೇಕು, ಒಂದು ಸುತ್ತು ಹಾಕಿ ಮತ್ತೆ ಇಳಿಯಬೇಕು ಎಂದು ತರಬೇತಿಯಲ್ಲಿ ಪದೇ ಪದೇ ಹೇಳಿಕೊಡುತ್ತಾರೆ. ಎದುರಾದ ಹಕ್ಕಿ ಸಾಮಾನ್ಯವಾಗಿ ಕೆಳಕ್ಕೆ ಧುಮುಕಿ ತಪ್ಪಿಸಿಕೊಳ್ಳುವುದರಿಂದಲೂ ಮೇಲೇರುವುದೇ ಲೇಸು.

ಚಕ್ರ ನೆಲ ಮುಟ್ಟಿದ ಮೇಲಿನ ಕಥೆ ಬೇರೆ. ಪ್ರಾಣಿಗೆ ಡಿಕ್ಕಿ ಹೊಡೆದು ಮುಂಚಕ್ರದ ಕಾಲು ಮುರಿದರೆ ಮೂಗು ನೆಲಕ್ಕೆ ಕುಕ್ಕಿ, ತಿರುಗುತ್ತಿರುವ ಪ್ರೊಪೆಲ್ಲರ್ ರನ್‌ವೇಗೆ ಬಡಿಯುತ್ತದೆ. ಅಲಗು ಬಾಗಿದ್ದು ಹೊರಗಿನಿಂದ ಕಾಣುವ ನಷ್ಟವಷ್ಟೇ. ಒಳಗೆ ಪೆಟ್ಟಾಗಿದೆಯೇ ಎಂದು ತಿಳಿಯಲು ಎಂಜಿನ್ನನ್ನೇ ಬಿಚ್ಚಿ ನೋಡಬೇಕಾಗುತ್ತದೆ. ದೊಡ್ಡ ವಿಮಾನಗಳಿಗೂ ಇದು ತಪ್ಪಿದ್ದಲ್ಲ. 2015ರ ಡಿಸೆಂಬರಿನಲ್ಲಿ ಜಬಲ್ಪುರದಲ್ಲಿ ಇಳಿಯುತ್ತಿದ್ದ ಪ್ರಯಾಣಿಕ ವಿಮಾನವೊಂದು ಕಾಡುಹಂದಿಗಳಿಗೆ ಡಿಕ್ಕಿ ಹೊಡೆದು ರನ್‌ವೇಯಿಂದ ಹೊರಕ್ಕೆ ಜಾರಿತ್ತು; ಪುಣ್ಯಕ್ಕೆ ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ.

ಪ್ರಾಣಿಗಳು ಅಲ್ಲಿಗೇ ಏಕೆ ಬರುತ್ತವೆ? ನಾಯಿ, ಹಂದಿಗಳನ್ನು ತಡೆಯಲು ಬೇಲಿ ಬೇಕು, ಆದರೆ ಬೇಲಿಯಡಿಯ ಚರಂಡಿಯನ್ನು ಮರೆತರೆ ಹಂದಿಗೆ ಅದೇ ಹೆಬ್ಬಾಗಿಲು. ನವಿಲಂತೂ ಬೇಲಿಯನ್ನು ಹಾರಿಯೇ ದಾಟುತ್ತದೆ. ಹುಲ್ಲಿನ ವಿಷಯ ಇನ್ನೂ ಸೂಕ್ಷ್ಮವಾದದ್ದು. ಉದ್ದ ಬಿಟ್ಟರೆ ಇಲಿ, ಹಾವುಗಳು ಸೇರುತ್ತವೆ, ಅವುಗಳ ಹಿಂದೆ ಹದ್ದು ಬರುತ್ತದೆ. ತೀರ ಗಿಡ್ಡ ಕತ್ತರಿಸಿದರೆ ಬಯಲನ್ನೇ ಬಯಸುವ ಟಿಟ್ಟಿಭ ಹಕ್ಕಿ ನೆಲದ ಮೇಲೆ ಮೊಟ್ಟೆಯಿಡುತ್ತದೆ. ಕತ್ತರಿಸುವಾಗ ಚಿಮ್ಮುವ ಮಿಡತೆಗಳನ್ನು ಹೆಕ್ಕಲು, ನಮ್ಮ ಮಂಡ್ಯದ ಗದ್ದೆಗಳಲ್ಲಿ ಟ್ರ್ಯಾಕ್ಟರಿನ ಹಿಂದೆ ನಡೆಯುವ ಬೆಳ್ಳಕ್ಕಿಗಳು ಇಲ್ಲಿಯೂ ಹಾಜರಾಗುತ್ತವೆ. ನವಿಲಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇರುವುದರಿಂದ ಓಡಿಸಬಹುದೇ ಹೊರತು ಕೊಲ್ಲುವಂತಿಲ್ಲ, ಕೊಲ್ಲಬೇಕಾಗಿಯೂ ಇಲ್ಲ.

ಹದ್ದುಗಳ ಮಟ್ಟಿಗೆ ಹೊಣೆ ನಿಲ್ದಾಣದ ಗೋಡೆಯೊಳಗೆ ಮುಗಿಯುವುದಿಲ್ಲ. ನಿಲ್ದಾಣದಿಂದ 10 ಕಿಲೋಮೀಟರ್ ವ್ಯಾಪ್ತಿಯಲ್ಲಿ ಪ್ರಾಣಿಗಳನ್ನು ಕಡಿದು ಚರ್ಮ ಸುಲಿಯುವುದನ್ನೂ, ಹಕ್ಕಿಗಳನ್ನು ಸೆಳೆಯುವಂಥ ಕಸ ಸುರಿಯುವುದನ್ನೂ 1937ರ ವಿಮಾನ ನಿಯಮಗಳ 91ನೇ ನಿಯಮ ನಿರ್ಬಂಧಿಸಿದೆ. ಮಂಡಕಳ್ಳಿಯಿಂದ ಅಳೆದರೆ, ಬಹುಕಾಲ ನಗರದ ಕಸ ಬಂದು ಬೀಳುತ್ತಿದ್ದ ಮೈಸೂರಿನ ವಿದ್ಯಾರಣ್ಯಪುರದ ಸೀವೇಜ್ ಫಾರಂ ಕೂಡ ಈ ವ್ಯಾಪ್ತಿಯೊಳಗೇ ಬರುತ್ತದೆ. ಕೋಳಿ ಅಂಗಡಿಗಳ ತ್ಯಾಜ್ಯವನ್ನು ರಾತ್ರೋರಾತ್ರಿ ಚೀಲದಲ್ಲಿ ತಂದು ಎಸೆಯುವ ರಸ್ತೆಬದಿಯ ಹಳ್ಳಕೊಳ್ಳಗಳಿಗೂ ಇದೇ ನಿಯಮ ಅನ್ವಯಿಸುತ್ತದೆ.

ನಮಸ್ಕಾರ.