ಲಾಭ, ಎರಡು, ಮೂರು

ಲಾಭ... ಎರಡು... ಮೂರು... ನಾಲ್ಕು...

ಕೇಳುಗರಿಗೆ ನಮಸ್ಕಾರ. ಎಣಿಕೆ ತಪ್ಪಿತು ಅಂದುಕೊಂಡಿರಾ? ಹಳ್ಳಿ ಕಡೆಯವರಾಗಿದ್ದರೆ ಇದು ನಿಮಗೆ ಹೊಸದೇನಲ್ಲ. ಕಣದಲ್ಲಿ ರಾಗಿ ಅಳೆಯುವಾಗ ನಮ್ಮ ತಾತ ‘ಒಂದು’ ಅನ್ನುತ್ತಲೇ ಇರಲಿಲ್ಲ. ಮೊದಲ ಕೊಳಗ ‘ಲಾಭ’. ಅಲ್ಲಿಂದ ಮುಂದೆ ಮಾಮೂಲಿ ಎಣಿಕೆ. ಚಿಕ್ಕವನಿದ್ದಾಗ ಶಾಲೆಯಲ್ಲೂ ಹೀಗೇ ಎಣಿಸಿ ಮೇಷ್ಟ್ರಿಂದ ಏಟು ತಿಂದಿದ್ದೇನೆ.

ಇವತ್ತು ನಾನು ಮಾತಾಡಬೇಕಾದ ವಿಷಯ ಸಿರಿತನ. ದುಡ್ಡು ಬಿಟ್ಟು ಬೇರೆ ಸಿರಿತನ ಅಂತ ಏನಾದರೂ ಇದೆಯಾ ಅನ್ನೋದು ಪ್ರಶ್ನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಬೇಡ ಅನ್ನುವವನು ನಾನಲ್ಲ. ಮಗಳ ಕಾಲೇಜಿನ ಫೀಸು ಕಟ್ಟುವ ದಿನ ‘ನೆಮ್ಮದಿಯೇ ಸಂಪತ್ತು’ ಅಂದರೆ ಕೌಂಟರಿನಲ್ಲಿ ಕೂತವರು ರಸೀದಿ ಹರಿದು ಕೊಡುವುದಿಲ್ಲ. ಬಡತನ ಎಷ್ಟು ಚೆಂದ ಅಂತ ಹಾಡಿ ಹೊಗಳುವವರು ಸಾಮಾನ್ಯವಾಗಿ ಹೊಟ್ಟೆ ತುಂಬಿದವರೇ. ಆ ದಾರಿ ನಮಗೆ ಬೇಡ. ಕಣಕ್ಕೇ ಹೋಗೋಣ.

ನಮ್ಮದು ತುಮಕೂರು ಕಡೆ. ಮಳೆ ನಂಬಿದ ಹೊಲ, ರಾಗಿಯೇ ಎಲ್ಲ. ಕೊಯ್ದು ಮೆದೆ ಒಟ್ಟಿದ ಮೇಲೆ, ಸಂಕ್ರಾಂತಿಯ ಆಸುಪಾಸಿನಲ್ಲಿ ಒಕ್ಕಣೆ. ಅದಕ್ಕೆ ಮುಂಚೆ ಕಣ ಮಾಡಬೇಕು. ನೆಲ ಕೆತ್ತಿ ಸಮ ಮಾಡಿ, ನೀರು ಚಿಮುಕಿಸಿ, ತುಳಿದು, ಸಗಣಿ ಬಗ್ಗಡ ಬಳಿದರೆ ಸಿಮೆಂಟು ನೆಲ ನಾಚಬೇಕು. ನಡುವೆ ಮೇಟಿ ಕಂಬ. ಅದರ ಸುತ್ತ ರೋಣಗಲ್ಲು ಎಳೆಯುವ ಎತ್ತುಗಳು. ಕಣದೊಳಕ್ಕೆ ಯಾರೂ ಚಪ್ಪಲಿ ಮೆಟ್ಟಿ ಬರುವಂತಿಲ್ಲ. ಇನ್ನು ತೂರುವುದು ಗಾಳಿಯ ಮರ್ಜಿ. ಗಾಳಿ ರಾತ್ರಿ ಎರಡು ಗಂಟೆಗೆ ಬಂತೋ, ಎರಡು ಗಂಟೆಗೇ ಎದ್ದು ಮೊರ ಹಿಡಿಯಬೇಕು. ಹೊಟ್ಟು ಹಾರಿ ರಾಗಿ ಕೆಳಗೆ ಬೀಳುವ ಸದ್ದು ಸೋನೆ ಮಳೆಯ ಹಾಗೆ ಇರುತ್ತಿತ್ತು. ಕಂಬಳಿ ಹೊದ್ದು ಅದನ್ನು ಕೇಳುತ್ತಲೇ ನಾನು ನಿದ್ದೆ ಹೋಗುತ್ತಿದ್ದೆ.

ರಾಶಿಯ ಮುಂದೆ ಸಗಣಿಯ ಪಿಳ್ಳೇರಾಯ, ಅವನ ತಲೆಗೆ ಗರಿಕೆ. ಪೂಜೆ ಆದ ಮೇಲೆ ಅಳತೆ. ಆಗ ಯಾರೂ ತುಟಿ ಬಿಚ್ಚಬಾರದು. ಲಾಭ, ಎರಡು, ಮೂರು... 20 ಕೊಳಗಕ್ಕೆ ಒಂದು ಖಂಡುಗ.

ಆ ರಾಗಿ ನೇರವಾಗಿ ಮನೆಗೆ ಬರುತ್ತಿರಲಿಲ್ಲ. ಕಣದ ಅಂಚಿನಲ್ಲಿ ಜನ ಕಾಯುತ್ತಿದ್ದರು. ನೇಗಿಲ ಗುಳ ಹದ ಮಾಡಿಕೊಟ್ಟ ಕಮ್ಮಾರ, ಗಾಡಿ ರಿಪೇರಿ ಮಾಡಿದ ಬಡಗಿ, ಬಟ್ಟೆ ಒಗೆದ ಅಗಸ, ಕೆರೆ ತೂಬು ನೋಡಿಕೊಂಡ ನೀರುಗಂಟಿ, ತಳವಾರ, ತೋಟಿ. ಇವರ ಪಾಲಿಗೆ ‘ಆಯ’ ಅಂತ ಹೆಸರು. ಹಳೆಯ ಲೆಕ್ಕದಲ್ಲಿ ಊರಿಗೆ 12 ಮಂದಿ ಆಯಗಾರರು. ಅವರದ್ದಾದ ಮೇಲೆ ದಾಸಯ್ಯ, ಜೋಗಿ. ಹಕ್ಕಿಗಳಿಗೆ ಅಂತ ಕಣದ ಅಂಚಿನಲ್ಲಿ ಒಂದಿಷ್ಟು ಗುಡಿಸದೆ ಬಿಡುತ್ತಿದ್ದರು. ಈ ವರ್ಷ ಹೇಗಾಯ್ತು ಅಂತ ಯಾರಾದರೂ ಕೇಳಿದರೆ ತಾತ ಖಂಡುಗದ ಲೆಕ್ಕ ಕೊಡುತ್ತಿರಲಿಲ್ಲ. ‘ಎಲ್ಲರ ಮೊರಕ್ಕೂ ಬಿತ್ತಪ್ಪ’ ಅನ್ನುತ್ತಿದ್ದರು. ಅಷ್ಟೇ ಉತ್ತರ.

ಇದು ತಾತನ ದೊಡ್ಡ ಮನಸ್ಸು ಅಂತ ಬಹಳ ದಿನ ಅಂದುಕೊಂಡಿದ್ದೆ. ಬುದ್ಧಿ ಬಂದ ಮೇಲೆ ಬೇರೆ ಕಂಡಿತು. ಅದು ದಾನ ಅಲ್ಲವೇ ಅಲ್ಲ, ವರ್ಷವಿಡೀ ದುಡಿದದ್ದಕ್ಕೆ ಕೂಲಿ. ಅದೂ ತಡವಾಗಿ ಕೊಟ್ಟ ಕೂಲಿ. ಮಳೆ ಕೈಕೊಟ್ಟ ವರ್ಷ ಅವರ ಪಾಲೂ ಕುಗ್ಗುತ್ತಿತ್ತು. ತೋಟಿಯಂತೂ ಕಣದ ಹೊರಗೇ ನಿಂತು ಹೊದ್ದ ಬಟ್ಟೆ ಒಡ್ಡಬೇಕಿತ್ತು. ಅದನ್ನು ನೆನೆದರೆ ಈಗಲೂ ಕಸಿವಿಸಿ. ಹಾಗಾಗಿ ‘ಆ ಕಾಲವೇ ಚೆನ್ನಾಗಿತ್ತು’ ಅನ್ನುವ ಮಾತನ್ನು ನನ್ನ ಬಾಯಿಂದ ಕೇಳಬೇಡಿ.

ಆದರೂ ಅಲ್ಲಿ ಒಂದು ಸಂಗತಿ ಕಣ್ಣಿಗೆ ಕಾಣುತ್ತಿತ್ತು. ಯಾರ್ಯಾರ ಕೈ ಸೇರಿ ಈ ರಾಶಿ ಆಯಿತೋ ಆ ಕೈಗಳು ಎದುರಿಗೇ ಇರುತ್ತಿದ್ದವು. ಈಗ ಸಂಬಳ ಬಂದರೆ ಮೊಬೈಲು ಟಿಂಗ್ ಅನ್ನುತ್ತದೆ. ಎದುರಿಗೆ ಯಾರೂ ಇರುವುದಿಲ್ಲ.

ಕಣದ ಕಾಲಕ್ಕೆ ಬರುತ್ತಿದ್ದವರಲ್ಲಿ ನನಗೆ ತುಂಬಾ ಇಷ್ಟವಾದವನು ಹೆಳವ. ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತಾ ಬರುತ್ತಿದ್ದ. ಪ್ರತಿ ವರ್ಷ ಅಲ್ಲ, ಎರಡು ಮೂರು ವರ್ಷಕ್ಕೊಮ್ಮೆ. ಬಂದವನು ಜಗಲಿ ಮುಂದೆ ನಿಂತು ನಮ್ಮ ವಂಶ ಹೇಳಲು ಶುರು ಮಾಡುತ್ತಿದ್ದ. ಮೂಲ ಯಾವ ಊರು, ಯಾಕೆ ಬಿಟ್ಟು ಬಂದರು, ಯಾರಿಗೆ ಯಾರು ಮಗ, ಯಾವ ಮನೆಯಿಂದ ಹೆಣ್ಣು ತಂದರು. ತಾತನಿಗೇ ಗೊತ್ತಿಲ್ಲದ ತಾತಂದಿರ ಹೆಸರುಗಳು. ಬರಗಾಲದಲ್ಲಿ ಮಾರಿಕೊಂಡ ಹೊಲದ ಸುದ್ದಿಯನ್ನೂ ಬಿಡುತ್ತಿರಲಿಲ್ಲ, ಮಹರಾಯ. ನಮ್ಮಜ್ಜಿ ಬಾಗಿಲ ಹಿಂದೆ ನಿಂತು ತನ್ನ ತವರಿನ ಹೆಸರು ಯಾವಾಗ ಬರುತ್ತದೋ ಅಂತ ಕಾಯುತ್ತಿದ್ದರು. ಬಂದಾಗ ಅವರ ಮುಖ ನೋಡಬೇಕಿತ್ತು. ಆವತ್ತು ಹೆಳವನ ಚೀಲಕ್ಕೆ ಒಂದು ಮೊರ ಜಾಸ್ತಿಯೇ ಬೀಳುತ್ತಿತ್ತು.

ಊರಲ್ಲಿ ‘ಇದ್ದೋರು’ ಅಂದರೆ ಹಗೇವು ಇದ್ದವರು. ಹಗೇವು ಅಂದರೆ ನೆಲದೊಳಗಿನ ಕಣಜ. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿಬಿಡುತ್ತಿದ್ದರು. ರಾಗಿಗೆ ಬೇಗ ಹುಳ ಹತ್ತುವುದಿಲ್ಲ, ವರ್ಷಗಟ್ಟಲೆ ಇರುತ್ತದೆ. ಆದರೆ ಬಾಯಿ ತೆಗೆದ ಕೂಡಲೇ ಒಳಗೆ ಇಳಿಯುವಂತಿಲ್ಲ. ಕೆಟ್ಟ ಗಾಳಿ ತುಂಬಿಕೊಂಡಿರುತ್ತದೆ. ಸ್ವಲ್ಪ ಹೊತ್ತು ತೆರೆದು ಬಿಟ್ಟು, ಆಮೇಲೆ ದೀಪ ಇಳಿಸಿ ನೋಡಬೇಕು. ದೀಪ ಆರಿತೋ, ಇಳಿಯಬಾರದು. ಅವಸರಪಟ್ಟು ಇಳಿದು ಅಲ್ಲೇ ಉಸಿರು ಬಿಟ್ಟವರ ಕಥೆಗಳು ರಾಗಿ ಸೀಮೆಯಲ್ಲಿ ಉಂಟು. ಕೂಡಿಟ್ಟ ರಾಗಿಯ ಮೇಲೆ ಬಿದ್ದು ಸತ್ತದ್ದರಿಂದ ನೀವು ಯಾವ ನೀತಿ ತೆಗೆಯುತ್ತೀರೋ ನಿಮಗೆ ಬಿಟ್ಟದ್ದು. ನನಗಂತೂ ಆ ದೀಪ ಇಳಿಸುವ ಉಪಾಯ ಭಾರಿ ಇಷ್ಟ.

ಹಗೇವು ತುಂಬಿದಷ್ಟೂ ಇನ್ನೊಂದು ತೋಡಬಹುದು. ಎಲ್ಲಿ ನಿಲ್ಲಿಸಬೇಕು? ಕನ್ನಡದಲ್ಲಿ ಅದಕ್ಕೊಂದು ಪದ ಇದೆ. ಸಾಕು. ಊಟಕ್ಕೆ ಕೂತಾಗ ಎಲೆ ಮೇಲೆ ಕೈ ಅಡ್ಡ ಹಿಡಿದು ‘ಸಾಕು’ ಅನ್ನುತ್ತೇವೆ. ಕರು ಸಾಕು, ಮಕ್ಕಳನ್ನು ಸಾಕು ಅಂತಲೂ ಅನ್ನುತ್ತೇವೆ. ವ್ಯಾಕರಣದವರು ಏನಾದರೂ ಹೇಳಲಿ, ನನಗೆ ಇವೆರಡೂ ಒಂದೇ ಮನೆಯ ಮಾತುಗಳು. ತನಗೆ ಸಾಕು ಅಂದವರ ಕೈಯಲ್ಲೇ ಅಲ್ವಾ ಇನ್ನೊಬ್ಬರನ್ನು ಸಾಕುವುದಕ್ಕೆ ಏನಾದರೂ ಉಳಿಯುವುದು?

12ನೇ ಶತಮಾನದ ಕಲ್ಯಾಣದಲ್ಲಿದ್ದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಯ ಕಥೆ ನಿಮಗೆ ಗೊತ್ತು. ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತಂದು ಅದರಲ್ಲೇ ದಾಸೋಹ. ಒಂದು ದಿನ ಮಾರಯ್ಯ ಜಾಸ್ತಿ ತಂದಾಗ, ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಅಂತ ಹೆಂಡತಿ ವಾಪಸ್ಸು ಕಳಿಸಿದಳಂತೆ. ಕೇಳಿದವರೆಲ್ಲ ಆಕೆಯ ವೈರಾಗ್ಯ ಹೊಗಳುತ್ತಾರೆ. ನಾನು ಹೊಗಳುವುದು ಆಕೆಯ ಲೆಕ್ಕ. ಇವತ್ತು ಎಷ್ಟು ಎಲೆ, ಎಷ್ಟು ಅಕ್ಕಿ ಅನ್ನೋದು ಆಕೆಗೆ ಪಾವು ಚಟಾಕಿನ ಮಟ್ಟಿಗೆ ಗೊತ್ತಿತ್ತು. ನನಗೆ ನನ್ನ ಮನೆಯ ಅಳತೆ ಅಷ್ಟು ಖಚಿತವಾಗಿ ಗೊತ್ತಿಲ್ಲ.

ಇನ್ನು ಸಾಕುವುದರ ಮಾತು. ಅದಕ್ಕೆ ಅಷ್ಟು ಹಿಂದೆ ಹೋಗಬೇಕಿಲ್ಲ, ಮಾಗಡಿ ತಾಲ್ಲೂಕಿನ ಹುಲಿಕಲ್‌ಗೆ ಹೋದರೆ ಸಾಕು. ತಿಮ್ಮಕ್ಕ, ಅವರ ಗಂಡ ಚಿಕ್ಕಯ್ಯ. ಕೂಲಿ ಮಾಡಿ ಬದುಕಿದವರು. ಮಕ್ಕಳಾಗಲಿಲ್ಲ. ಹುಲಿಕಲ್‌ನಿಂದ ಕುದೂರಿಗೆ ಹೋಗುವ ರಸ್ತೆಯ ಬದಿಯಲ್ಲಿ ಆಲದ ಸಸಿ ನೆಡುತ್ತಾ ಹೋದರು. ಕೊಡದಲ್ಲಿ ನೀರು ಹೊತ್ತು ಹಾಕಿದರು. ದನ, ಮೇಕೆ ಬಾಯಿ ಹಾಕದ ಹಾಗೆ ಮುಳ್ಳು ಕಟ್ಟಿದರು. ಹೀಗೆ 385 ಮರ. 1991ರಲ್ಲಿ ಚಿಕ್ಕಯ್ಯ ತೀರಿಕೊಂಡರು. 2019ರಲ್ಲಿ ತಿಮ್ಮಕ್ಕನಿಗೆ ಪದ್ಮಶ್ರೀ ಬಂತು. ಪ್ರಶಸ್ತಿ ಕೊಡಲು ನಿಂತ ರಾಷ್ಟ್ರಪತಿಯ ತಲೆ ಮುಟ್ಟಿ ಆಶೀರ್ವಾದ ಮಾಡಿದರು, ಮೊಮ್ಮಗ ರಜಕ್ಕೆ ಬಂದಾಗ ಅಜ್ಜಿ ಮಾಡುವ ಹಾಗೆ. 2025ರ ನವೆಂಬರ್ 14ರಂದು ಅವರೂ ಹೊರಟರು.

ಅವರು ನೆಟ್ಟದ್ದು ಆಲ, ಅದನ್ನು ಗಮನಿಸಿ. ತೆಂಗಲ್ಲ, ಹಲಸಲ್ಲ. ಆಲದ ಹಣ್ಣನ್ನು ಸಂತೆಗೆ ಒಯ್ಯುವುದಕ್ಕಾಗಲ್ಲ. ಮರ ನಿಂತಿರುವುದು ಸರ್ಕಾರಿ ರಸ್ತೆಯ ಪಕ್ಕ. ಅಂದರೆ ಪಹಣಿಯಲ್ಲಿ ತಿಮ್ಮಕ್ಕನ ಹೆಸರು ಎಲ್ಲೂ ಇಲ್ಲ. ಒಂದು ರೆಂಬೆಯೂ ಕಾಗದದ ಪ್ರಕಾರ ಅವರದ್ದಲ್ಲ. ನಮ್ಮ ಹೆಸರಿನ ಮುಂದೆ ಊರಿನ ಹೆಸರೋ ಅಪ್ಪನ ಹೆಸರೋ ಇರುತ್ತದೆ. ಅವರ ಹೆಸರಿನ ಮುಂದೆ ಮರಗಳ ಸಾಲೇ ಬಂದು ಕೂತಿತು, ಸಾಲುಮರದ ತಿಮ್ಮಕ್ಕ. ಹೆಳವ ಆ ಮನೆಯ ಮುಂದೆ ನಿಂತಿದ್ದರೆ ವಂಶ ಹೇಳಿ ಮುಗಿಸುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು.

ಅಂದ ಹಾಗೆ, ನೀವು ಈಗ ಕಿವಿಗೊಟ್ಟಿರುವ ಈ ಬಾನುಲಿಯೂ ನಮ್ಮಲ್ಲಿ ಒಬ್ಬರ ಮನೆಯಲ್ಲಿ ಸಾಕಿದ ಕೂಸು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಪ್ರಸಾರ ಕೇಂದ್ರ ಶುರು ಮಾಡಿದರು. ‘ಆಕಾಶವಾಣಿ’ ಅನ್ನುವ ಹೆಸರು ಹುಟ್ಟಿದ್ದೂ ಅಲ್ಲೇ. ಕೆಲವು ವರ್ಷದ ಮೇಲೆ ಅದು ಮೈಸೂರು ಸಂಸ್ಥಾನದ ಕೈಗೆ ಹೋಯಿತು. ಅದಕ್ಕೆ ಹಾಕಿದ ದುಡ್ಡಿನಲ್ಲಿ ಗೋಪಾಲಸ್ವಾಮಿ ಮೇಷ್ಟ್ರು ಇನ್ನೊಂದು ಸೈಟು ತಗೋಬಹುದಿತ್ತು. ತಗೊಂಡಿದ್ದರೆ ನಾನು ಇವತ್ತು ಎಲ್ಲಿ ಕೂತು ಮಾತಾಡುತ್ತಿದ್ದೆನೋ!

ಕೊನೆಗೆ ಒಂದು ಸಣ್ಣ ಘಟನೆ ಹೇಳಿ ಮುಗಿಸುತ್ತೇನೆ. ಊರಿನ ಕಣ ಈಗಿಲ್ಲ. ಒಕ್ಕುವ ಮಿಷನ್ನು ಬಂದಿದೆ. ನಾವು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಮೂರು ವರ್ಷದ ಹಿಂದೆ ಒಂದು ಭಾನುವಾರ ಗೇಟಿನ ಸೆಕ್ಯೂರಿಟಿಯವನು ಫೋನು ಮಾಡಿದ. ‘ಸಾರ್, ಯಾರೋ ಬಂದವ್ರೆ. ನಿಮ್ಮ ಮುತ್ತಾತನ ಹೆಸರು ಹೇಳ್ತವ್ರೆ.’

ಕೆಳಗೆ ಓಡಿದೆ. ಹಳೆಯ ಹೆಳವನ ಮಗ. ಊರಿನಲ್ಲಿ ವಿಳಾಸ ಕೇಳಿಕೊಂಡು ಬಸ್ಸಿನಲ್ಲಿ ಬಂದಿದ್ದ. ಎತ್ತು ಇಲ್ಲ, ಗಂಟೆ ಬ್ಯಾಗಿನಲ್ಲಿತ್ತು. ಮನೆಗೆ ಕರೆದರೆ, ‘ಇಲ್ಲೇ ಆಗಲಿ ಸ್ವಾಮಿ’ ಅಂತ ಗೇಟಿನ ಪಕ್ಕದ ಕಟ್ಟೆಯಲ್ಲೇ ಕೂತು ಶುರು ಮಾಡಿದ. ಸೆಕ್ಯೂರಿಟಿಯವನು ಬಾಯಿ ಬಿಟ್ಟುಕೊಂಡು ಕೇಳಿದ. ಅಜ್ಜಿಯ ತವರಿನ ಹೆಸರು ಬಂತು. ಬಾಗಿಲ ಹಿಂದೆ ಈಗ ಯಾರೂ ಇರಲಿಲ್ಲ.

ದುಡ್ಡು ಕೊಟ್ಟೆ. ತಗೊಂಡ. ‘ಒಂದಿಷ್ಟು ಧಾನ್ಯವೂ ಇರಲಿ ಸ್ವಾಮಿ, ಬರೀ ನೋಟು ಒಯ್ಯೋಕೆ ಮನಸ್ಸು ಬರಲ್ಲ’ ಅಂದ. ಮಗಳು ಮೇಲೆ ಹೋಗಿ ಹುಡುಕಿದಳು. ಅಡುಗೆಮನೆಯಲ್ಲಿ ಒಂದು ಕಿಲೋ ರಾಗಿ ಪ್ಯಾಕೆಟ್ಟು ಸಿಕ್ಕಿತಂತೆ. ಅದರ ಜೊತೆಗೆ ಶೋಕೇಸಿನಲ್ಲಿದ್ದ ತಾತನ ಕೊಳಗವನ್ನೂ ಎತ್ತಿಕೊಂಡು ಬಂದಳು. ಸುರಿದರೆ ಕೊಳಗದ ತಳ ಮುಚ್ಚಿತು, ಅಷ್ಟೆ. ಅದನ್ನೇ ಅವನ ಚೀಲಕ್ಕೆ ಹಾಕುತ್ತಾ ‘ಲಾಭ’ ಅಂದೆ. ಎರಡು ಅನ್ನುವುದಕ್ಕೆ ಇನ್ನೊಂದು ಪ್ಯಾಕೆಟ್ಟು ಇರಲಿಲ್ಲ.

ಅವನು ನಕ್ಕು, ರಟ್ಟು ಕಿತ್ತುಹೋದ ಪುಸ್ತಕ ತೆಗೆದು ನಮ್ಮ ಮನೆಯ ಪುಟ ಬಿಡಿಸಿದ. ನನ್ನ ಹೆಸರಿನ ಕೆಳಗೆ ಜಾಗ ಖಾಲಿ ಇತ್ತು. ಪೆನ್ನನ್ನು ಮಗಳ ಕೈಗೆ ಕೊಟ್ಟು ಹೇಳಿದ, ‘ನೀನೇ ಬರಿಯವ್ವ, ಗುಂಡಗೆ ಬರಿ.’

ನಮಸ್ಕಾರ.